ಯಂತ್ರದ ಸಾಕ್ಷಿಗೂ ಪಾಟೀಸವಾಲು ಬೇಕು

(ಪುಣೆಯ ಸದಾಶಿವ ಪೇಠೆಯಲ್ಲಿ ಜರುಗಿದ ಸಂಘದ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಚನ ಸಾಹಿತ್ಯವನ್ನೋ, ದಾಸರ ಪದಗಳನ್ನೋ, ಗಡಿ ಪ್ರಶ್ನೆಯನ್ನೋ ಕುರಿತ ಉಪನ್ಯಾಸಗಳನ್ನು ಕೇಳಿ ಅಭ್ಯಾಸವಾಗಿರುವ ತಮ್ಮೆದುರು, ಗಣಕಯಂತ್ರದ ಬ್ರೌಸರು ಬಿಟ್ಟುಹೋಗುವ ಕುರುಹುಗಳ ಬಗ್ಗೆ ಮಾತನಾಡಲು ನಿಂತಿರುವುದು ನನಗೇ ತುಸು ಸಂಕೋಚದ ಸಂಗತಿ. ವಿಷಯವನ್ನು ತಿಳಿಸಿದಾಗ ಕಾರ್ಯದರ್ಶಿಗಳು ದೂರವಾಣಿಯಲ್ಲಿ ಕ್ಷಣಕಾಲ ಮೌನವಾದರು. ಅನಂತರ, "ಆಗಲಿ, ಯುವಕರಾದರೂ ಬಂದಾರು" ಎಂದರು. ಸಭೆಯನ್ನು ನೋಡಿದರೆ ಬಂದಿರುವವರೆಲ್ಲ ನನ್ನ ವಯಸ್ಸಿನವರೇ. ಇರಲಿ. ನಾನು ತಂತ್ರಜ್ಞನಲ್ಲ. ಧಾರವಾಡದಲ್ಲಿ ಇತಿಹಾಸದಲ್ಲಿ ಎಂ.ಎ. ಮುಗಿಸಿ, ಕೇಂದ್ರ ಸರ್ಕಾರದ ಸೇವೆಗೆ ಸೇರಿ, ಸೇವಾವಧಿಯ ಬಹುಪಾಲನ್ನು ಮಹಾರಾಷ್ಟ್ರದಲ್ಲಿಯೇ ಕಳೆದವನು. ಕಡತಗಳ ನಡುವೆ ಎದುರಾದ ಒಂದು ಪ್ರಸಂಗ ನನ್ನನ್ನು ಈ ವಿಷಯದ ಕಡೆಗೆ ತಿರುಗಿಸಿತು. ಇಲ್ಲಿ ಆಡುವ ಮಾತುಗಳು ನನ್ನ ಸ್ವಂತದವು, ನನ್ನ ಇಲಾಖೆಯವಲ್ಲ ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ನಾವು ಕುಳಿತಿರುವ ಈ ಪೇಠೆಯ ಹೆಸರಿನಿಂದಲೇ ಆರಂಭಿಸುತ್ತೇನೆ. ಸದಾಶಿವರಾವ್ ಭಾವೂ 1761ರ ಜನವರಿ 14ರಂದು ಪಾಣಿಪತದ ರಣರಂಗದಲ್ಲಿ ಮಡಿದದ್ದು ತಮಗೆಲ್ಲ ತಿಳಿದಿದೆ. ಆದರೆ ಆತ ಮಡಿದನೆಂಬುದನ್ನು ಆತನ ಪತ್ನಿ ಪಾರ್ವತಿಬಾಯಿ ಕೊನೆಯವರೆಗೂ ಒಪ್ಪಲಿಲ್ಲ. ಕೆಲವು ವರ್ಷಗಳ ತರುವಾಯ ಒಬ್ಬಾತ ತಾನೇ ಭಾವೂಸಾಹೇಬನೆಂದು ಹೇಳಿಕೊಂಡು ಕಾಣಿಸಿಕೊಂಡ. ಮರಾಠಿ ಇತಿಹಾಸದಲ್ಲಿ ಆತನನ್ನು ತೋತಯಾ, ಅಂದರೆ ಸೋಗಿನವ, ಎಂದು ಕರೆಯುತ್ತಾರೆ. ಆತನನ್ನು ನಂಬಿದವರು ಕಡಿಮೆಯೇನಿರಲಿಲ್ಲ; ಸೈನ್ಯ ಸೇರಿತು, ಕೋಟೆಗಳು ಕೈವಶವಾದವು. ಕಡೆಗೆ ಸಿಕ್ಕಿಬಿದ್ದು 1776ರಲ್ಲಿ ಪುಣೆಯಲ್ಲಿಯೇ ಮರಣದಂಡನೆಗೆ ಗುರಿಯಾದ. "ಇವನು ಅವನೇ ಹೌದೇ?" ಎಂಬ ಪ್ರಶ್ನೆ ಒಂದು ರಾಜ್ಯವನ್ನೇ ಅಲುಗಿಸಿದ ಊರು ಇದು. ಅಂದು ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿದ್ದವರು ಭಾವೂವನ್ನು ಕಣ್ಣಾರೆ ಕಂಡಿದ್ದ ಮನುಷ್ಯರು. ಇಂದು ಅದೇ ಪ್ರಶ್ನೆಯನ್ನು ನಾವು ಯಂತ್ರಕ್ಕೆ ಕೇಳುತ್ತಿದ್ದೇವೆ; ಯಂತ್ರ ಹೇಳಿದ್ದನ್ನು ಮರುಪ್ರಶ್ನೆಯಿಲ್ಲದೆ ನಂಬುತ್ತಿದ್ದೇವೆ. ನನ್ನ ತಕರಾರು ಇರುವುದು ಈ ಎರಡನೆಯ ಮಾತಿಗೆ.

2007ರಲ್ಲಿ ನಮ್ಮ ಎರಡು ನಾಡುಗಳಿಗೂ ಸಂಬಂಧಿಸಿದ ಒಂದು ಪ್ರಕರಣ ನಡೆಯಿತು. ಅಂದು ಆರ್ಕುಟ್ ಎಂಬ ಸಾಮಾಜಿಕ ಜಾಲತಾಣವಿತ್ತು. ಅದರಲ್ಲಿ ಯಾರೋ ಛತ್ರಪತಿ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರವೊಂದನ್ನು ಹಾಕಿದರು. ಮಹಾರಾಷ್ಟ್ರದಲ್ಲಿ ಇದು ಎಂತಹ ಕ್ಷೋಭೆಗೆ ಕಾರಣವಾಗುತ್ತದೆಂಬುದನ್ನು ಇಲ್ಲಿ ಬಾಳುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ನೋವು ನ್ಯಾಯವಾದದ್ದೂ ಹೌದು. ಪುಣೆಯ ಪೊಲೀಸರು ಆ ಜಾಲತಾಣದ ಒಡೆಯರಾದ ಗೂಗಲ್ ಸಂಸ್ಥೆಯಿಂದ ಐ.ಪಿ. ವಿಳಾಸವನ್ನು ಪಡೆದು, ಆ ವಿಳಾಸ ಯಾರದೆಂದು ಅಂತರಜಾಲ ಸೇವಾದಾರ ಕಂಪನಿಯನ್ನು ಕೇಳಿದರು. ಕಂಪನಿ ಬೆಂಗಳೂರಿನ ಒಬ್ಬ ತರುಣ ಸಾಫ್ಟ್‌ವೇರ್ ಇಂಜಿನಿಯರನ ಹೆಸರು ಕೊಟ್ಟಿತು. ಆಗಸ್ಟ್ 31ರಂದು ಆತನನ್ನು ಬೆಂಗಳೂರಿನಲ್ಲಿ ಬಂಧಿಸಿ ಇಲ್ಲಿಗೆ ಕರೆತರಲಾಯಿತು. 50 ದಿವಸ ಆತ ಯೆರವಡಾ ಸೆರೆಮನೆಯಲ್ಲಿದ್ದ. ಅನಂತರ ತಿಳಿದುಬಂದದ್ದು: ಆ ವಿಳಾಸ ಆತನದಾಗಿರಲಿಲ್ಲ.

ತಪ್ಪು ಎಲ್ಲಿ ನುಸುಳಿತು? ಚಿತ್ರವನ್ನು ಹಾಕಿದ ಹೊತ್ತು ಹಗಲಿನದೋ ಇರುಳಿನದೋ ಎಂಬುದನ್ನು ಮಾಹಿತಿ ಕೋರಿದ ಪತ್ರದಲ್ಲಿ ಸ್ಪಷ್ಟಪಡಿಸಿರಲಿಲ್ಲವೆಂದು ಅನಂತರ ವರದಿಯಾಯಿತು. ಮನೆಯ ಬಳಕೆದಾರರಿಗೆ ಕಂಪನಿಗಳು ಕೊಡುವ ಐ.ಪಿ. ವಿಳಾಸ ಸಾಮಾನ್ಯವಾಗಿ ಸ್ಥಿರವಾದುದಲ್ಲ. ಛತ್ರದ ಕೋಣೆಯಂತೆ, ಬೆಳಿಗ್ಗೆ ಒಬ್ಬರಿಗೆ, ರಾತ್ರಿ ಇನ್ನೊಬ್ಬರಿಗೆ. ಹೊತ್ತನ್ನು ಹೇಳದೆ ಕೋಣೆಯ ಸಂಖ್ಯೆಯನ್ನಷ್ಟೇ ಹೇಳಿ "ಇದರಲ್ಲಿ ಇದ್ದವರು ಯಾರು?" ಎಂದರೆ ಛತ್ರದ ಗುಮಾಸ್ತ ಯಾರದೋ ಒಂದು ಹೆಸರನ್ನು ಕೊಟ್ಟಾನು. 'ಎ.ಎಂ.' ಮತ್ತು 'ಪಿ.ಎಂ.' ನಡುವಿನ ಒಂದೇ ಅಕ್ಷರದ ವ್ಯತ್ಯಾಸಕ್ಕೆ ಒಬ್ಬ ನಿರಪರಾಧಿ ತೆತ್ತ ಬೆಲೆ 50 ದಿವಸ. ಪತ್ರಿಕೆಗಳಲ್ಲಿ ಬಂದ ಸುದ್ದಿಯ ಆಧಾರದ ಮೇಲೆ ರಾಜ್ಯ ಮಾನವ ಹಕ್ಕುಗಳ ಆಯೋಗ ಪ್ರಕರಣವನ್ನು ಕೈಗೆತ್ತಿಕೊಂಡು, ಆತನಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕಂಪನಿಗೆ ಆದೇಶಿಸಿತು. ದಿನಕ್ಕೆ 4,000 ರೂಪಾಯಿಯ ಲೆಕ್ಕ. ಅಪರಿಚಿತ ಭಾಷೆಯ ಊರಿನಲ್ಲಿ, ಆ ಊರಿನ ಆರಾಧ್ಯ ಪುರುಷನನ್ನು ಅವಮಾನಿಸಿದವನೆಂಬ ಹಣೆಪಟ್ಟಿಯೊಡನೆ ಸೆರೆಮನೆಯ ಗೋಡೆಯೊಳಗೆ ಕಳೆದ ಒಂದೊಂದು ರಾತ್ರಿಗೆ ಈ ಲೆಕ್ಕ ಸಾಕೇ ಎಂಬುದನ್ನು ತಾವೇ ಯೋಚಿಸಿ.

ಈ ಪ್ರಕರಣವನ್ನು ಓದಿದಾಗಲೆಲ್ಲ ನನಗೆ ತೋರುವುದೊಂದು. ಐ.ಪಿ. ವಿಳಾಸ ಹೆಚ್ಚೆಂದರೆ ಮನೆಯ ಹೊಸ್ತಿಲನ್ನು ತೋರಿಸೀತು. ಒಳಗೆ ಕುಳಿತು ಕೀಲಿಮಣೆಯ ಮೇಲೆ ಬೆರಳಾಡಿಸಿದವರು ಯಾರೆಂಬುದನ್ನು ಅದು ಹೇಳಲಾರದು. ಒಳಗಿನ ವಾರ್ತೆಯನ್ನು ಬಲ್ಲ ಸಾಕ್ಷಿ ಬೇರೆಯೇ ಇದೆ. ಅದೇ ಬ್ರೌಸರು. ಹೊರಗಿನ ಸಾಕ್ಷಿ ಒಂದು ಹೆಸರನ್ನು ಹೇಳಿದಾಗ ಒಳಗಿನ ಸಾಕ್ಷಿಯನ್ನೂ ಕರೆದು, ಎರಡರ ಹೇಳಿಕೆಗಳನ್ನು ತಾಳೆ ನೋಡಿದ ಬಳಿಕವೇ ಮನುಷ್ಯನ ಮೈಮೇಲೆ ಕೈಹಾಕಬೇಕು. ಅಪರಾಧಿಯನ್ನು ಹಿಡಿಯಲು ಎಷ್ಟು ಉಪಯುಕ್ತವೋ, ನಿರಪರಾಧಿಯನ್ನು ಬಿಡಿಸಲೂ ಬ್ರೌಸರು ಅಷ್ಟೇ ಉಪಯುಕ್ತ. ಈ ಎರಡನೆಯ ಉಪಯೋಗವನ್ನು ನಾವು ಮರೆತುಬಿಡುತ್ತೇವೆ.

ಹಾಗಾದರೆ ಬ್ರೌಸರು ಏನೇನನ್ನು ನೆನಪಿಟ್ಟುಕೊಳ್ಳುತ್ತದೆ? ನೋಡಿದ ಪುಟಗಳ ವಿಳಾಸ ಮತ್ತು ಹೊತ್ತು, ಹುಡುಕಿದ ಪದಗಳು, ಇಳಿಸಿಕೊಂಡ ಕಡತಗಳು, ಪುಟಗಳು ಬೇಗ ತೆರೆಯಲೆಂದು ತನ್ನಲ್ಲೇ ಇರಿಸಿಕೊಂಡ ಚಿತ್ರಗಳ ತುಣುಕು, ಇದನ್ನು ಕ್ಯಾಶ್ ಎನ್ನುತ್ತಾರೆ, ಜಾಲತಾಣಗಳು ನಮ್ಮನ್ನು ಮತ್ತೆ ಗುರುತಿಸಲು ಬಿಟ್ಟುಹೋಗುವ ಕುಕಿ ಎಂಬ ಚೀಟಿಗಳು, ಫಾರಂಗಳಲ್ಲಿ ತುಂಬಿದ ಹೆಸರು, ವಿಳಾಸಗಳು. ಕ್ರೋಮ್ ಬ್ರೌಸರಿನಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ: ಪುಟವನ್ನು ವಿಳಾಸ ಟೈಪು ಮಾಡಿ ತೆರೆದದ್ದೋ, ಕೊಂಡಿಯನ್ನು ಒತ್ತಿ ಹೋದದ್ದೋ, ತಾನಾಗಿ ಬೇರೆಡೆಗೆ ಎಳೆದೊಯ್ಯಲ್ಪಟ್ಟದ್ದೋ ಎಂಬುದನ್ನೂ ಅದು ಬರೆದಿಡುತ್ತದೆ. ನ್ಯಾಯದ ದೃಷ್ಟಿಯಿಂದ ಇದು ಬಹು ಮುಖ್ಯ. ತಾನಾಗಿ ಟೈಪು ಮಾಡಿದವನ ಮನಸ್ಸಿನಲ್ಲಿ ಉದ್ದೇಶವಿತ್ತು ಎನ್ನಬಹುದು. ಎಳೆದೊಯ್ಯಲ್ಪಟ್ಟವನ ಬಗ್ಗೆ ಹಾಗೆ ಹೇಳಲಾಗದು.

ಇತಿಹಾಸವನ್ನು ಅಳಿಸಿದರೆ ಮುಗಿಯಿತೆಂದು ಹಲವರು ತಿಳಿದಿದ್ದಾರೆ. ಅಳಿಸಿದ್ದು ಒಡನೆ ನಾಶವಾಗುವುದಿಲ್ಲ. ಆ ಜಾಗ ಖಾಲಿಯೆಂದು ಗುರುತಾಗುತ್ತದೆ, ಅಷ್ಟೆ. ಹೊಸ ಬರಹ ಅದರ ಮೇಲೆ ಬೀಳುವವರೆಗೆ ನಿಪುಣರು ಅದನ್ನು ಮತ್ತೆ ಓದಬಲ್ಲರು, ಒರೆಸಿದ ಪಾಟಿಯ ಮೇಲೆ ಹಳೆಯ ಅಕ್ಷರದ ಗೀರು ಕಾಣುವಂತೆ. ಗುಪ್ತ ಕಿಟಕಿಯಲ್ಲಿ ನೋಡಿದ್ದು ಬ್ರೌಸರಿನ ಪಟ್ಟಿಯಲ್ಲಿ ಉಳಿಯದಿದ್ದರೂ ಗಣಕದ ಸ್ಮೃತಿಯಲ್ಲಿ, ಸೇವಾದಾರ ಕಂಪನಿಯ ದಾಖಲೆಯಲ್ಲಿ ಸುಳಿವು ಉಳಿಯಬಹುದು. ಇದಕ್ಕೆ ವಿರುದ್ಧವಾದ ಮಾತೂ ಇದೆ. ಅಳಿಸದಿದ್ದರೂ ಅಳಿಯುವುದುಂಟು. ಹಿಂದಿನ ಇಂಟರ್‌ನೆಟ್ ಎಕ್ಸ್‌ಪ್ಲೋರರು ಬೇರೆ ಹೇಳದಿದ್ದರೆ 20 ದಿವಸಗಳ ಇತಿಹಾಸವನ್ನಷ್ಟೇ ಇಟ್ಟುಕೊಳ್ಳುತ್ತಿತ್ತು. ಕ್ರೋಮ್ 90 ದಿವಸಗಳದ್ದನ್ನು ಇಟ್ಟುಕೊಳ್ಳುತ್ತದೆ. ನಮ್ಮ ಕಚೇರಿಗಳಲ್ಲಿ ಆರೋಪಪಟ್ಟಿ ಸಿದ್ಧವಾಗುವುದಕ್ಕೆ ಆರು ತಿಂಗಳು ಬೇಕು. ಅಷ್ಟರಲ್ಲಿ ನಿರ್ದೋಷಿಯ ಪರವಾಗಿ ಮಾತನಾಡಬೇಕಾಗಿದ್ದ ಸಾಕ್ಷಿ ಸದ್ದಿಲ್ಲದೆ ಸತ್ತಿರುತ್ತದೆ.

ಈಗ ನನ್ನ ಸ್ವಂತ ಪ್ರಸಂಗ. ಊರು, ಕಚೇರಿ ಯಾವುದೆಂದು ಹೇಳಲಾರೆ. ಸುಮಾರು ಹತ್ತು ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ ಹೊರಬೀಳಬಾರದಾಗಿದ್ದ ಕರಡು ಪಟ್ಟಿಯೊಂದು ಹೊರಬಿದ್ದಿತು. ಒಬ್ಬ ಗುಮಾಸ್ತರ ಮೇಜಿನ ಗಣಕಯಂತ್ರದಿಂದ ಖಾಸಗಿ ಇ-ಮೇಲ್ ತೆರೆದು ಕಳುಹಿಸಲಾಗಿದೆಯೆಂದು ತಾಂತ್ರಿಕ ವರದಿ ಬಂತು. ಬ್ರೌಸರಿನ ಇತಿಹಾಸದ ಮುದ್ರಿತ ಪ್ರತಿಯಲ್ಲಿ ಹೊತ್ತು 11 ಗಂಟೆ 20 ನಿಮಿಷ ಎಂದಿತ್ತು. ಹಾಜರಿ ಪುಸ್ತಕದ ಪ್ರಕಾರ ಆ ಹೊತ್ತಿಗೆ ಅವರು ತಮ್ಮ ಆಸನದಲ್ಲಿದ್ದರು. ಅಮಾನತಾಯಿತು, ಆರೋಪಪಟ್ಟಿ ಹೊರಟಿತು, ನನ್ನನ್ನು ವಿಚಾರಣಾಧಿಕಾರಿಯನ್ನಾಗಿ ನೇಮಿಸಿದರು. ಆ ವರದಿಯನ್ನು ನಾನು ಮೂರು ಬಾರಿ ಓದಿದೆ. ಗುಮಾಸ್ತರು ಪ್ರತಿ ಬೈಠಕಿನಲ್ಲಿಯೂ ಒಂದೇ ಮಾತು ಹೇಳುತ್ತಿದ್ದರು: "ಸಾಹೇಬರೇ, ನಾನು ಮಾಡಿಲ್ಲ." ಹಾಗೆ ಹೇಳದ ಆಪಾದಿತರನ್ನು ನಾನು ಕಂಡಿಲ್ಲ. ಮನಸ್ಸಿನಲ್ಲಿ ನನ್ನ ನಿರ್ಣಯ ಸಿದ್ಧವಾಗಿತ್ತೆಂದು ಇಂದು ಒಪ್ಪಿಕೊಳ್ಳುತ್ತೇನೆ.

ಅವರ ರಕ್ಷಣಾ ಸಹಾಯಕರಾಗಿ ಬಂದಿದ್ದವರು ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬ ವೃದ್ಧರು. ಜೀವನವಿಡೀ ಮುದ್ರೆಯ ತಾರೀಖು, ಹೊತ್ತು ನೋಡಿದವರು. ಮೂರನೆಯ ಬೈಠಕಿನಲ್ಲಿ ಅವರು ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, "ಈ ಕಾಲಮ್ಮಿನ ತಲೆಯ ಮೇಲೆ ಯು.ಟಿ.ಸಿ. ಅಂತ ಮೂರಕ್ಷರ ಇವೆಯಲ್ಲ, ಏನದು?" ಎಂದು ಕೇಳಿದರು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ತಾಂತ್ರಿಕ ಶಾಖೆಯವರನ್ನು ಕರೆಸಿದೆವು. ಯು.ಟಿ.ಸಿ. ಎಂದರೆ ವಿಶ್ವಕಾಲ, ನಮ್ಮ ಭಾರತೀಯ ಕಾಲಕ್ಕಿಂತ ಐದೂವರೆ ಗಂಟೆ ಹಿಂದೆ. ಬ್ರೌಸರು ಹೊತ್ತನ್ನು ದಾಖಲಿಸುವುದು ಆ ಕಾಲದಲ್ಲಿ. ವರದಿ ತಯಾರಿಸಿದವರು ಅದನ್ನು ನಮ್ಮ ಕಾಲಕ್ಕೆ ಪರಿವರ್ತಿಸದೆ ಹಾಗೆಯೇ ಮುದ್ರಿಸಿದ್ದರು. ಅಂದಮೇಲೆ 11-20 ಎಂಬುದು ಸಂಜೆ 4-50. ಆ ದಿವಸ ಗುಮಾಸ್ತರು ಮಧ್ಯಾಹ್ನದ ಮೇಲೆ ಅರ್ಧ ದಿನದ ರಜೆ ಪಡೆದು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು. ರಜೆಯ ಅರ್ಜಿ ಅದೇ ಕಡತದಲ್ಲಿ, ಅದೇ ಟ್ಯಾಗಿನಲ್ಲಿ ಪೋಣಿಸಲ್ಪಟ್ಟಿತ್ತು. ನನ್ನ ಕೈ ಅದರ ಮೇಲೆ ಎಷ್ಟು ಬಾರಿ ಹಾದುಹೋಗಿತ್ತೋ ಏನೋ.

ಆರೋಪ ಬಿದ್ದುಹೋಯಿತು. ತೆರೆದೇ ಬಿಟ್ಟಿದ್ದ ಗಣಕಯಂತ್ರದ ಮುಂದೆ ಅಂದು ಸಂಜೆ ಕುಳಿತವರು ಯಾರೆಂಬುದು ಪತ್ತೆಯಾಗಲಿಲ್ಲ. ಕ್ಯಾಮರಾದ ದೃಶ್ಯಗಳ ಮೇಲೆ ಅಷ್ಟರಲ್ಲಿ ಹೊಸ ದೃಶ್ಯಗಳು ಬಂದಿದ್ದವು. ಹನ್ನೊಂದು ತಿಂಗಳು ಅವರು ಜೀವನಾಧಾರ ಭತ್ಯೆಯ ಮೇಲೆ ಬದುಕಿದ್ದರು. ಆ ನಡುವೆ ಮಗಳ ಮದುವೆಯ ಮಾತುಕತೆ ಮುರಿದುಬಿತ್ತೆಂದು ಅನಂತರ ಬೇರೆಯವರಿಂದ ಕೇಳಿದೆ. ಅವರಾಗಿ ನನಗೆ ಹೇಳಲಿಲ್ಲ.

ಈ ಪ್ರಸಂಗದಲ್ಲಿ ನನ್ನನ್ನು ಹೆಚ್ಚು ಚುಚ್ಚಿದ್ದು ಇದು: ಇಂತಹ ತಪ್ಪನ್ನು ಹಿಡಿಯುವ ವಿದ್ಯೆಯನ್ನೇ ನನಗೆ ಧಾರವಾಡದಲ್ಲಿ ಕಲಿಸಿದ್ದರು. ಶಾಸನಶಾಸ್ತ್ರದ ಮೊದಲ ಪಾಠವೇ ಕಾಲನಿರ್ಣಯ. ಶಾಸನದಲ್ಲಿ ಶಕವರ್ಷ ಕೊಟ್ಟಿದ್ದರೆ ಅದು ಗತವರ್ಷವೋ ವರ್ತಮಾನವರ್ಷವೋ ಎಂದು ಮೊದಲು ಕೇಳಬೇಕು. ಕೇಳದಿದ್ದರೆ ಇಡೀ ಒಂದು ವರ್ಷ ತಪ್ಪುತ್ತದೆ. ಅನಂತರ ತಿಥಿ, ವಾರ, ಸಂಕ್ರಾಂತಿ, ಗ್ರಹಣಗಳನ್ನು ಪಂಚಾಂಗದೊಡನೆ ತಾಳೆ ನೋಡಬೇಕು. ಹೀಗೆ ತಾಳೆ ನೋಡಿಯೇ ಎಷ್ಟೋ ತಾಮ್ರಪಟಗಳು ಕೂಟ ಶಾಸನಗಳೆಂದು ಬಯಲಾಗಿವೆ. ಪಶ್ಚಿಮ ಗಂಗರ ತಾಮ್ರಪಟಗಳ ಪ್ರಾಮಾಣ್ಯದ ಬಗ್ಗೆ ಫ್ಲೀಟ್ ಮತ್ತು ರೈಸ್ ಅವರ ನಡುವೆ ನಡೆದ ದೀರ್ಘ ವಾಗ್ವಾದವನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ತಾಮ್ರ ಅಸಲಿಯಾಗಿದ್ದ ಮಾತ್ರಕ್ಕೆ ಅದರ ಮೇಲಿನ ಬರಹ ಅಸಲಿಯಾಗಬೇಕಾಗಿಲ್ಲ. ಬರಹ ಅಸಲಿಯಾಗಿದ್ದರೂ ನಾವು ಓದಿದ ಕಾಲ ಸರಿಯಾಗಿರಬೇಕಾಗಿಲ್ಲ. ಇದೇ ಪೇಠೆಯಲ್ಲಿ 1910ರಲ್ಲಿ ರಾಜವಾಡೆಯವರು ಸ್ಥಾಪಿಸಿದ ಭಾರತ ಇತಿಹಾಸ ಸಂಶೋಧಕ ಮಂಡಳ ಇದೆ. ಅಲ್ಲಿ ಮೋಡಿ ಲಿಪಿಯ ಕಾಗದವೊಂದು ಕೈಗೆ ಬಂದರೆ ಅದು ಎಲ್ಲಿಂದ ಬಂತು, ಯಾರ ದಫ್ತರದಲ್ಲಿತ್ತು, ನಡುವೆ ಯಾರ ಕೈ ದಾಟಿತು ಎಂದು ಕೇಳದೆ ವಿದ್ವಾಂಸರು ಮುಂದುವರಿಯುವುದಿಲ್ಲ. ಇನ್ನೂರು ವರ್ಷದ ಹಿಂದಿನ ಕಾಗದಕ್ಕೆ ನಾವು ಕೊಡುವ ಈ ಗೌರವವನ್ನು, ಬದುಕಿರುವ ಮನುಷ್ಯನ ಅನ್ನ ಕಸಿಯಬಲ್ಲ ಗಣಕದ ಹಾಳೆಗೆ ಏಕೆ ಕೊಡುವುದಿಲ್ಲ?

ಬ್ರೌಸರುಗಳ ಕಾಲಗಣನೆಯಂತೂ ಶಾಸನಗಳಿಗಿಂತ ವಿಚಿತ್ರ. ಕ್ರೋಮ್ 1601ರ ಜನವರಿ 1ರಿಂದ ಕಳೆದ ಕಾಲವನ್ನು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಅಳತೆಯಲ್ಲಿ ಎಣಿಸುತ್ತದೆ. ಶಿವಾಜಿ ಮಹಾರಾಜರು ಹುಟ್ಟುವುದಕ್ಕೂ ಮೂರು ದಶಕ ಹಿಂದಿನ ದಿನಾಂಕ ಅದು! ಫೈರ್‌ಫಾಕ್ಸ್ ಎಣಿಸುವುದು 1970ರ ಜನವರಿ 1ರಿಂದ. ಆಪಲ್ ಕಂಪನಿಯ ಸಫಾರಿ 2001ರ ಜನವರಿ 1ರಿಂದ. ಶಾಲಿವಾಹನ ಶಕೆ, ವಿಕ್ರಮ ಶಕೆ, ಕ್ರಿಸ್ತಶಕೆಗಳಂತೆ ಒಂದೇ ಗಣಕದೊಳಗೆ ಮೂರು ಶಕೆಗಳು. ಕಚ್ಚಾ ದಾಖಲೆಯಲ್ಲಿರುವುದು ಉದ್ದನೆಯ ಒಂದು ಸಂಖ್ಯೆ ಮಾತ್ರ. ಅದನ್ನು ದಿನಾಂಕವಾಗಿಸುವುದು ಪರೀಕ್ಷಕರ ತಂತ್ರಾಂಶ. ಇದರ ಮೇಲೆ ಗಣಕದ ಗಡಿಯಾರವೇ ತಪ್ಪಿದ್ದರೆ? ಬ್ಯಾಟರಿ ಸತ್ತ ಹಳೆಯ ಯಂತ್ರಗಳು ದಿನಾಂಕವನ್ನು ಮರೆಯುವುದನ್ನು ನಾವೆಲ್ಲ ಕಂಡಿದ್ದೇವೆ.

ತಂತ್ರಾಂಶವೇ ತಪ್ಪು ಓದಿದ ಉದಾಹರಣೆಗೆ ನಾವು ಅಮೆರಿಕಕ್ಕೆ ಹೋಗಬೇಕು. 2011ರಲ್ಲಿ ಫ್ಲೋರಿಡಾದ ಆರ್ಲ್ಯಾಂಡೊದಲ್ಲಿ, ಎರಡು ವರ್ಷದ ಮಗುವನ್ನು ಕೊಂದಳೆಂಬ ಆರೋಪದ ಮೇಲೆ ತಾಯಿಯೊಬ್ಬಳ ವಿಚಾರಣೆ ನಡೆಯಿತು. ಮನೆಯ ಗಣಕದಲ್ಲಿ ಕ್ಲೋರೋಫಾರ್ಮ್ ಕುರಿತ ಪುಟವನ್ನು 84 ಬಾರಿ ನೋಡಲಾಗಿದೆಯೆಂದು ಸರ್ಕಾರಿ ಪಕ್ಷ ಹೇಳಿತು. ಆ ಸಂಖ್ಯೆಯನ್ನು ಕೊಟ್ಟ ತಂತ್ರಾಂಶವನ್ನು ಬರೆದಾತನೇ ಮರುಪರಿಶೀಲಿಸಿದಾಗ ಗೊತ್ತಾದದ್ದು: ಆ ಪುಟವನ್ನು ನೋಡಿದ್ದು ಒಂದೇ ಸಲ, 84 ಎಂಬುದು ಬೇರೊಂದು ಸಾಮಾಜಿಕ ಜಾಲತಾಣದ ಲೆಕ್ಕ. ಇನ್ನೊಂದು ತಂತ್ರಾಂಶ ಮೊದಲೇ ಒಂದು ಎಂದೇ ಹೇಳಿತ್ತು. ತೀರ್ಪುಗಾರರು ಆಕೆಯನ್ನು ಕೊಲೆಯ ಆರೋಪದಿಂದ ಮುಕ್ತಗೊಳಿಸಿದರು. ಕಥೆ ಇಲ್ಲಿಗೆ ಮುಗಿಯಲಿಲ್ಲ. 2012ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಮಗು ಕೊನೆಯ ಬಾರಿ ಜೀವಂತವಾಗಿ ಕಂಡ 2008ರ ಆ ದಿವಸ, ಅದೇ ಗಣಕದ ಫೈರ್‌ಫಾಕ್ಸ್‌ನಲ್ಲಿ ಉಸಿರುಗಟ್ಟಿಸುವ ಬಗೆಯನ್ನು ಕುರಿತು ಹುಡುಕಾಟ ನಡೆದಿತ್ತು. ಪೊಲೀಸರು ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಇತಿಹಾಸವನ್ನಷ್ಟೇ ತೆಗೆದಿದ್ದರಿಂದ ಅದು ನ್ಯಾಯಾಲಯಕ್ಕೆ ಬರಲೇ ಇಲ್ಲ. ಇಲ್ಲದ 83 ಸಲಗಳು ದಾಖಲೆಗೆ ಬಂದವು. ಇದ್ದ ಒಂದು ಹುಡುಕಾಟ ಬರಲಿಲ್ಲ. ಆ ಹುಡುಕಾಟವನ್ನು ಮಾಡಿದವರು ಯಾರೆಂಬುದು ಅಲ್ಲಿಯೂ ಬೇರೆಯೇ ಪ್ರಶ್ನೆ.

ಅದೇ ದೇಶದ ಕನೆಕ್ಟಿಕಟ್ ರಾಜ್ಯದ ಒಬ್ಬ ಬದಲಿ ಶಿಕ್ಷಕಿಯ ಸಂಗತಿ ಇನ್ನೂ ದಾರುಣ. 2004ರಲ್ಲಿ ತರಗತಿಯ ಹಳೆಯ ಗಣಕದ ಪರದೆಯ ಮೇಲೆ ಒಂದರ ಹಿಂದೊಂದು ಅಶ್ಲೀಲ ಚಿತ್ರಗಳು ತಾವಾಗಿ ತೆರೆದುಕೊಂಡವು. ಬ್ರೌಸರಿನ ಕುರುಹುಗಳನ್ನು ಮುಂದಿಟ್ಟು ಆಕೆಯೇ ಆ ತಾಣಗಳಿಗೆ ಹೋದಳೆಂದು ವಾದಿಸಲಾಯಿತು. 2007ರ ಜನವರಿಯಲ್ಲಿ ದೋಷಿಯೆಂದು ತೀರ್ಮಾನವಾಯಿತು. 40 ವರ್ಷಗಳವರೆಗೆ ಸೆರೆಮನೆ ಕಾದಿತ್ತು. ಗಣಕದಲ್ಲಿ ದುಷ್ಟ ತಂತ್ರಾಂಶ ಸೇರಿಕೊಂಡಿದ್ದುದನ್ನು ಸ್ವತಂತ್ರ ತಜ್ಞರು ತೋರಿಸಿದ ಮೇಲೆ ಅದೇ ವರ್ಷದ ಜೂನಿನಲ್ಲಿ ಆ ತೀರ್ಮಾನ ರದ್ದಾಯಿತು.

ಇಷ್ಟು ದೂರ ಹೋಗಿ, ಮನೆಯ ಹಿತ್ತಿಲಿನ ಸಂಗತಿಯನ್ನು ಹೇಳದಿದ್ದರೆ ಅಂಜುಬುರುಕತನವಾದೀತು. 2018ರ ಜನವರಿಯಲ್ಲಿ ಈ ಭಾಗದ ವಿಶ್ರಾಮಬಾಗ್ ಠಾಣೆಯಲ್ಲಿ ದಾಖಲಾದ ಎಲ್ಗಾರ್ ಪರಿಷತ್ತಿನ ಪ್ರಕರಣದಲ್ಲಿ ಗಣಕದೊಳಗಿನ ಕಡತಗಳೇ ಪ್ರಮುಖ ಸಾಕ್ಷ್ಯ. ಆಪಾದಿತರ ಪರವಾಗಿ ಪರೀಕ್ಷೆ ನಡೆಸಿದ ಅಮೆರಿಕದ ಒಂದು ಸಂಸ್ಥೆ, ಆ ಕಡತಗಳನ್ನು ಹೊರಗಿನವರು ನೆಟ್‌ವೈರ್ ಎಂಬ ದುಷ್ಟ ತಂತ್ರಾಂಶದ ಮೂಲಕ ತಂದಿರಿಸಿದ್ದಾರೆಂದು 2021ರಲ್ಲಿ ವರದಿ ಕೊಟ್ಟಿತು. ತನಿಖಾ ಸಂಸ್ಥೆ ಇದನ್ನು ಒಪ್ಪಿಲ್ಲ. ವಿಷಯ ನ್ಯಾಯಾಲಯದ ಮುಂದಿದೆ. ಸೇವಾ ನಿಯಮಗಳಿಗೆ ಬದ್ಧನಾದ ನಾನು ಯಾರ ಪಕ್ಷವನ್ನೂ ವಹಿಸುವಂತಿಲ್ಲ, ವಹಿಸುವುದೂ ಇಲ್ಲ. ಆದರೆ "ಕಡತ ಇದೆಯೇ?" ಎಂಬ ಪ್ರಶ್ನೆ ಬೇರೆ, "ಅಲ್ಲಿಗೆ ಬಂದದ್ದು ಹೇಗೆ, ಅದನ್ನು ತೆರೆದವರು ಯಾರು?" ಎಂಬ ಪ್ರಶ್ನೆ ಬೇರೆ ಎಂಬುದನ್ನು ಈ ಪ್ರಕರಣ ದೇಶಕ್ಕೆಲ್ಲ ತಿಳಿಸಿತು. ಅಷ್ಟನ್ನು ಹೇಳಲು ಯಾವ ನಿಯಮದ ಅಡ್ಡಿಯೂ ಇಲ್ಲವೆಂದು ಭಾವಿಸುತ್ತೇನೆ.

ಕಾನೂನು ಈ ದಿಕ್ಕಿನಲ್ಲಿ ಏನೂ ಮಾಡಿಲ್ಲವೆಂದಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆ 2000ರಲ್ಲಿ ಬಂದಾಗ 1872ರ ಸಾಕ್ಷ್ಯ ಕಾಯಿದೆಗೆ 65ಬಿ ಕಲಮನ್ನು ಸೇರಿಸಿದರು: ಗಣಕದ ದಾಖಲೆಯ ಪ್ರತಿಯೊಡನೆ ಪ್ರಮಾಣಪತ್ರ ಇರಬೇಕು. 2014ರ ಅನ್ವರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದು ಕಡ್ಡಾಯವೆಂದಿತು. ನಡುವೆ 2018ರಲ್ಲಿ ಕೊಂಚ ಸಡಿಲವಾಗಿ, 2020ರಲ್ಲಿ ನಮ್ಮ ಜಾಲನಾದ ವಿಧಾನಸಭಾ ಚುನಾವಣೆಯ ತಕರಾರಿನಿಂದ ಹುಟ್ಟಿದ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಮತ್ತೆ ಕಡ್ಡಾಯವೆಂದು ಸ್ಥಿರವಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು, ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಆ ಮೌಲ್ಯ ಪೂರ್ತಿಯಾಗಿ ಬದಲಾಗುತ್ತದೆ. ವಶಪಡಿಸಿಕೊಂಡ ದಿನದ ಹ್ಯಾಶ್ ಮತ್ತು ನ್ಯಾಯಾಲಯಕ್ಕೆ ಬಂದ ಪ್ರತಿಯ ಹ್ಯಾಶ್ ಒಂದೇ ಆಗಿದ್ದರೆ ನಡುವೆ ಯಾರೂ ಕೈಯಾಡಿಸಿಲ್ಲವೆಂದು ನಂಬಬಹುದು.

ಆದರೆ ಗಮನಿಸಬೇಕು: ಈ ಪ್ರಮಾಣಪತ್ರ ಹೇಳುವುದು ಪ್ರತಿ ಮೂಲದಂತಿದೆ ಎಂಬುದನ್ನು ಮಾತ್ರ. ಮೂಲದಲ್ಲಿರುವುದು ಸತ್ಯವೇ, ಹೊತ್ತು ಯಾವ ಶಕೆಯದು, ಕುರ್ಚಿಯಲ್ಲಿ ಕುಳಿತವರು ಯಾರು ಎಂಬುದನ್ನು ಅದು ಹೇಳುವುದಿಲ್ಲ. ನನ್ನ ಗುಮಾಸ್ತರ ಪ್ರಕರಣದ ಆ ಹಾಳೆಗೆ ಇಂದಿನ ಪ್ರಮಾಣಪತ್ರವನ್ನು ಲಗತ್ತಿಸಿದ್ದರೂ ಅದು ಪೂರ್ಣ ಕ್ರಮಬದ್ಧವಾಗಿರುತ್ತಿತ್ತು. ಅವರ ಕೆಲಸವೂ ಹೋಗುತ್ತಿತ್ತು. ಅಲ್ಲದೆ ಇಲಾಖಾ ವಿಚಾರಣೆಗಳಿಗೆ ಸಾಕ್ಷ್ಯ ಕಾಯಿದೆ ಕಟ್ಟುನಿಟ್ಟಾಗಿ ಅನ್ವಯಿಸುವುದೂ ಇಲ್ಲ. ನಮ್ಮಲ್ಲಿ ಹೆಚ್ಚಿನವರು, ನಮ್ಮ ಮಕ್ಕಳು, ಎದುರಿಸಬಹುದಾದದ್ದು ಸೆಷನ್ಸ್ ನ್ಯಾಯಾಲಯವನ್ನಲ್ಲ. ಕಂಪನಿಯ ಮಾನವ ಸಂಪನ್ಮೂಲ ವಿಭಾಗದ ಒಂದು ಮುಚ್ಚಿದ ಕೋಣೆಯನ್ನು. ಅಲ್ಲಿ ಪಾಟೀಸವಾಲು ಮಾಡುವವರು ಯಾರು?

ಈ ವಿಷಯದಲ್ಲಿ ಕರ್ನಾಟಕದ ಕೊಡುಗೆಯನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದ್ದು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. 2024ರಲ್ಲಿ ತೀರಿಕೊಂಡ ಆ ಹಿರಿಯರು ಅರ್ಜಿ ಹಾಕಿದಾಗ ಎಂಬತ್ತು ದಾಟಿದ್ದರು. 2021ರಲ್ಲಿ ಅದೇ ಉಚ್ಚ ನ್ಯಾಯಾಲಯ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಫೋನು, ಗಣಕಗಳನ್ನು ಶೋಧಿಸುವಾಗ ಪೊಲೀಸರು ಪಾಲಿಸಬೇಕಾದ ಕ್ರಮವನ್ನು ವಿವರವಾಗಿ ಹೇಳಿತು: ಚಾಲನೆಯಲ್ಲಿರುವ ಗಣಕದ ಪರದೆಯ ಛಾಯಾಚಿತ್ರ ತೆಗೆಯಬೇಕು, ಆರಿಸಿದ ಯಂತ್ರವನ್ನು ಸ್ಥಳದಲ್ಲಿ ಹೊತ್ತಿಸಬಾರದು, ಇತ್ಯಾದಿ. ಹೊತ್ತಿಸಿದ ಮಾತ್ರಕ್ಕೆ ಹೊಸ ಕುರುಹುಗಳು ಹಳೆಯವನ್ನು ತುಳಿಯುತ್ತವೆ. ಕೊಲೆ ನಡೆದ ಕೋಣೆಯಲ್ಲಿ ಪೊಲೀಸರೇ ಚಪ್ಪಲಿ ಹಾಕಿಕೊಂಡು ಓಡಾಡಿದ ಹಾಗೆ.

ನಮ್ಮಂತಹ ಹೊರನಾಡ ಕುಟುಂಬಗಳಿಗೆ ಒಂದು ವಿಶೇಷ ತೊಡಕಿದೆ. ಅಪ್ಪನ ಹೆಸರಿನ ಒಂದೇ ಖಾತೆ. ಪುಣೆಯ ಮನೆಯ ಗಣಕದಲ್ಲಿ ಅದು, ಹುಬ್ಬಳ್ಳಿಯ ಅಜ್ಜಿಯ ಟ್ಯಾಬಿನಲ್ಲಿ ಅದು, ಬೆಂಗಳೂರಿನ ಹಾಸ್ಟೆಲಿನಲ್ಲಿರುವ ಮಗನ ಫೋನಿನಲ್ಲೂ ಅದು. ಸಿಂಕ್ ಎಂಬ ಸೌಕರ್ಯ ಚಾಲೂ ಇದ್ದರೆ ಮಗ ಅಲ್ಲಿ ಹುಡುಕಿದ್ದು ಅಪ್ಪನ ಗಣಕದ ಇತಿಹಾಸದಲ್ಲಿ ಕಾಣಿಸಿಕೊಳ್ಳಬಹುದು. ಎಲ್ಲರಿಗೂ ಬೇರೆ ಬೇರೆ ಖಾತೆ ಇರಲಿ. ಕಚೇರಿಯಲ್ಲಿ ಆಸನ ಬಿಟ್ಟೇಳುವಾಗ ಪರದೆಗೆ ಬೀಗ ಹಾಕಿ, ಚಹಾ ಕುಡಿಯಲು ಹೋದರೂ ಸರಿಯೇ. ಎಂದಾದರೂ ಆರೋಪ ಬಂದರೆ ಗಾಬರಿಯಿಂದ ಇತಿಹಾಸವನ್ನು ಅಳಿಸಬೇಡಿ. ಅದು ಸಾಕ್ಷ್ಯನಾಶವೆನಿಸೀತು, ನಿಮ್ಮ ಪರವಾದ ಸಾಕ್ಷಿಯನ್ನೇ ನೀವು ಕೊಂದಂತೆಯೂ ಆದೀತು. ಮುದ್ರಿತ ಹಾಳೆಯನ್ನು ಮಾತ್ರ ಒಪ್ಪಬೇಡಿ. ಮೂಲದ ಪ್ರತಿಯನ್ನು, ಹ್ಯಾಶ್ ಮೌಲ್ಯವನ್ನು, ಯಾವ ತಂತ್ರಾಂಶದಿಂದ ಓದಿದರೆಂಬುದನ್ನು ಬರಹದಲ್ಲಿ ಕೇಳಿ. ಎಲ್ಲಕ್ಕಿಂತ ಮೊದಲು, ಕಾಲಮ್ಮಿನ ತಲೆಯ ಮೇಲೆ ಏನು ಬರೆದಿದೆ ನೋಡಿ.

ಮುಂದಿನ ತಿಂಗಳು ನನಗೆ ಮತ್ತೊಂದು ವಿಚಾರಣೆಯಿದೆ, ಅದರಲ್ಲಿಯೂ ಇಂತಹದೇ ಹಾಳೆಗಳಿವೆ. ಅದರ ಬಗ್ಗೆ ಮಾತ್ರ ದಯವಿಟ್ಟು ಕೇಳಬೇಡಿ. ಬೇರೆ ಪ್ರಶ್ನೆಗಳಿದ್ದರೆ ತಿಳಿದಷ್ಟು ಹೇಳುತ್ತೇನೆ.